ಬೇರಿನಲ್ಲಿಲ್ಲದ ಬಣ್ಣ

ಋಷಿಮೂಲ, ನದೀಮೂಲ ಹುಡುಕಬಾರದು ಎಂಬ ಮಾತನ್ನು ನಾವು ಬಳಸುವುದು ಸೌಜನ್ಯಕ್ಕಾಗಿ. ಕೆದಕುತ್ತ ಹೋದರೆ ಏನೋ ಮುಜುಗರದ ಸಂಗತಿ ಹೊರಬಿದ್ದೀತು, ಸುಮ್ಮನಿರಿ ಎನ್ನುವ ಧಾಟಿ ಅದರದು. ಹಾಗೆ ಹೇಳುವಾಗಲೂ ಒಂದನ್ನು ಮನಸ್ಸಿನಲ್ಲಿ ಒಪ್ಪಿಕೊಂಡಿರುತ್ತೇವೆ: ಹುಡುಕಿದರೆ ನಿಜ ಸಿಗುವುದು ಮೂಲದಲ್ಲೇ. ಪ್ರವಚನಕಾರರು, ವಂಶಾವಳಿ ಬರೆಯುವವರು, ಜಾತಿಯ ಹೆಸರಲ್ಲಿ ಜಗಳ ಕಾಯುವವರು, ಹೆಣ್ಣು ನೋಡಲು ಬಂದವರು, ಇವರೆಲ್ಲ ಮಿಕ್ಕ ವಿಷಯಗಳಲ್ಲಿ ಹೇಗೇ ಇರಲಿ, ಈ ಒಂದರಲ್ಲಿ ಏಕಮತದವರು. 'ನೂಲಿನಂತೆ ಸೀರೆ' ಎನ್ನುವ ಗಾದೆಯ ಬೆನ್ನಿಗಿರುವುದೂ ಇದೇ ನಂಬಿಕೆ. ಶಾಸ್ತ್ರದಲ್ಲಿ ಇದಕ್ಕೆ ಗಟ್ಟಿ ಬುನಾದಿಯಿದೆ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ, ಹೊಸದಾಗಿ ಯಾವುದೂ ಹುಟ್ಟುವುದಿಲ್ಲ ಎಂಬುದು ಸಾಂಖ್ಯರ ಸತ್ಕಾರ್ಯವಾದ. ಛಾಂದೋಗ್ಯ ಉಪನಿಷತ್ತಿನ ಉದ್ದಾಲಕ ತನ್ನ ಮಗ ಶ್ವೇತಕೇತುವಿನ ಕೈಯಲ್ಲಿ ಆಲದ ಹಣ್ಣನ್ನು ಒಡೆಸುತ್ತಾನೆ, ಬೀಜವನ್ನೂ ಒಡೆಸುತ್ತಾನೆ, ಒಳಗೆ ಏನೂ ಕಾಣದಿದ್ದಾಗ ಆ ಕಾಣದ ಸೂಕ್ಷ್ಮದಿಂದಲೇ ಮಹಾವೃಕ್ಷ ನಿಂತಿದೆ ಎಂದು ತಿಳಿಸುತ್ತಾನೆ. ಬೀಜ ಮತ್ತು ಬೇರು ನಮ್ಮ ಚಿಂತನೆಯಲ್ಲಿ ಇಷ್ಟು ಆಳಕ್ಕೆ ಇಳಿದಿರುವಾಗ, ಬೀಜ ಒಂದು ಸಾಕ್ಷಿ ನುಡಿದು ಬೇರು ಇನ್ನೊಂದು ನುಡಿಯುವ ಗಿಡವೇನಾದರೂ ಇದ್ದರೆ ಅದು ತೋಟಗಾರರಿಗಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ. ಅಂಥ ಗಿಡ ಇದೆ: ಇಬ್ಬಣ್ಣದ ಎಲೆಯ ಬಹುವಾರ್ಷಿಕ ಫ್ಲಾಕ್ಸ್.

ಇದರ ಜಾತಿಯ ಹೆಸರು ಫ್ಲಾಕ್ಸ್ ಪ್ಯಾನಿಕ್ಯುಲೇಟ. ತವರು ಉತ್ತರ ಅಮೆರಿಕದ ಪೂರ್ವಭಾಗದ ಹೊಳೆದಂಡೆಗಳು, ತೇವ ಹಿಡಿದಿರುವ ಕಾಡಂಚುಗಳು. ಬೆಂಗಳೂರು, ಮೈಸೂರಿನ ಚಳಿಗಾಲದ ಪಾತಿಗಳಲ್ಲಿ ನಾವು ನೋಡುವ ಫ್ಲಾಕ್ಸ್ ಇದರ ದಾಯಾದಿ, ಟೆಕ್ಸಾಸ್ ಕಡೆಯ ಡ್ರಮಂಡಿ. ಅದು ಒಂದೇ ಋತುವಿನಲ್ಲಿ ಹೂಬಿಟ್ಟು ಮುಗಿಯುವಂಥದು. ಪ್ಯಾನಿಕ್ಯುಲೇಟ ಹಾಗಲ್ಲ. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಒಣಗುತ್ತದೆ, ವಸಂತದಲ್ಲಿ ಬುಡದಿಂದ ಮತ್ತೆ ಹಿಳ್ಳೊಡೆಯುತ್ತದೆ, ನಡುಬೇಸಿಗೆ ದಾಟುವ ಹೊತ್ತಿಗೆ ತುದಿಯಲ್ಲಿ ಪರಿಮಳದ ಹೂಗೊಂಚಲು. ಚಳಿಗಾಲವೆಂಬುದು ನಿಜವಾಗಿ ಬರುವ ಊರಿನ ಗಿಡ ಇದು. ನಮ್ಮ ಬಯಲುಸೀಮೆಗೆ ಒಗ್ಗುವುದಲ್ಲ. ಇದರ ಇಬ್ಬಣ್ಣದ ತಳಿಗಳಲ್ಲಿ ನೋರಾ ಲೀ ಎಲ್ಲಕ್ಕಿಂತ ಹೆಸರಾದದ್ದು. ಹಾರ್ಲೆಕ್ವಿನ್, ಡಾರ್ವಿನ್ಸ್ ಜಾಯ್ಸ್, ಬೆಕಿ ಟೋ ಎಂಬವೂ ಇವೆ. ನೋರಾ ಲೀಯ ಎಲೆಯಲ್ಲಿ ಬೆಣ್ಣೆಬಿಳುಪೇ ಹೆಚ್ಚು, ಹಸಿರು ಕಡಿಮೆ. ನಡುನರದ ಎರಡೂ ಬದಿಗೆ ಅಂಕುಡೊಂಕಾದ ಹಸಿರು ಪಟ್ಟೆ, ಸುತ್ತ ಅಗಲವಾದ ಬಿಳಿ ಅಂಚು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಹಸಿರು ಮುಗಿದು ಬಿಳಿ ಮೊದಲಾಗುವ ಕಡೆ ಮೂರನೆಯದೊಂದು ಬೂದುಹಸಿರು ಕಾಣಿಸುತ್ತದೆ. ಎರಡೂ ಬಣ್ಣ ಅಲ್ಲಿ ಬೆರೆತಿವೆ ಎಂದು ಕಣ್ಣು ಹೇಳುತ್ತದೆ. ಬೆರೆತಿಲ್ಲ. ಬಿಳಿ ಕೋಶಗಳ ಒಂದು ಪದರದ ಕೆಳಗೆ ಹಸಿರು ಕೋಶಗಳ ಪದರ ಇನ್ನೂ ಚಾಚಿಕೊಂಡಿದೆ, ಅಷ್ಟೇ. ಬಿಳಿಯ ಮೂಲಕ ಹಸಿರನ್ನು ನೋಡುತ್ತಿದ್ದೇವೆ. ಬಿಳಿ ಕೋಶ ಪೂರ್ತಿ ಬಿಳಿ, ಹಸಿರು ಕೋಶ ಪೂರ್ತಿ ಹಸಿರು. ಇಬ್ಬಣ್ಣದ ಕೋಶ ಎಂಬುದು ಆ ಎಲೆಯಲ್ಲಿ ಎಲ್ಲೂ ಇಲ್ಲ.

ಈಗ ಗಿಡವನ್ನು ಹೆಚ್ಚಿಸಬೇಕು ಎಂದುಕೊಳ್ಳೋಣ. ಸಾಮಾನ್ಯ ಹಸಿರು ಫ್ಲಾಕ್ಸ್‌ಗೆ ತೋಟಗಾರರು ಮೆಚ್ಚುವ ದಾರಿ ಬೇರುತುಂಡು: ದಪ್ಪ ಬೇರನ್ನು ಬೆರಳುದ್ದಕ್ಕೆ ಕತ್ತರಿಸಿ ಮಣ್ಣಲ್ಲಿಟ್ಟರೆ ತುಂಡಿಗೊಂದು ಗಿಡ ಏಳುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಫ್ಲಾಕ್ಸ್‌ನ ದೊಡ್ಡ ಶತ್ರು ಕಾಂಡ ಹೊಕ್ಕುವ ಒಂದು ಸೂಕ್ಷ್ಮ ಜಂತುಹುಳು. ಅದು ಹಿಡಿದರೆ ಕಾಂಡ ಊದಿಕೊಂಡು, ತುದಿಯ ಎಲೆಗಳು ದಾರದಂತೆ ಸಣಕಲಾಗುತ್ತವೆ. ಹುಳುವಿನ ವಾಸ ಕಾಂಡ ಮತ್ತು ಎಲೆಗಳಲ್ಲಿ, ಬೇರಿನಲ್ಲಿ ಅಲ್ಲ. ಹೀಗಾಗಿ ರೋಗದ ಗಿಡದ ಬೇರಿನಿಂದಲೂ ಶುದ್ಧ ಸಂತಾನ ಪಡೆಯಬಹುದು. ನೋರಾ ಲೀಗೆ ಈ ಉಪಾಯ ಹೂಡಿದರೂ ಗಿಡ ಏಳುತ್ತದೆ, ಆರೋಗ್ಯವಾಗಿ, ಸೊಂಪಾಗಿ. ಆದರೆ ಅಚ್ಚಹಸಿರು. ಬಿಳಿಯ ಸುಳಿವೇ ಇರುವುದಿಲ್ಲ. ಮೂಲಕ್ಕೆ ಮರಳಿದರೆ ಶುದ್ಧಿ ಎನ್ನುವವರ ಮಾತು ಇಲ್ಲಿ ಅಕ್ಷರಶಃ ನಿಜ, ಮತ್ತು ಆ ಶುದ್ಧಿಯ ಬೆಲೆ ಏನೆಂಬುದೂ ಕಣ್ಣೆದುರಿಗಿದೆ. ಬೀಜದ ಕಥೆ ಇನ್ನೂ ವಿಚಿತ್ರ. ಬಿಳಿ ಅಂಚಿನ ಪೆಲಾರ್ಗೋನಿಯಂ ಗಿಡಗಳನ್ನು ಅಭ್ಯಾಸ ಮಾಡಿದ ಜರ್ಮನಿಯ ಎರ್ವಿನ್ ಬಾವರ್ 1909ರಲ್ಲಿ ಕಂಡದ್ದು ಇದು: ಅವುಗಳ ಸ್ವಂತ ಪರಾಗದಿಂದ ಕಟ್ಟಿದ ಬೀಜ ಬಿತ್ತಿದರೆ ಬರಿ ಬಿಳಿ ಸಸಿಗಳು ಮೊಳೆಯುತ್ತವೆ, ಬೀಜದಲ್ಲಿದ್ದ ಬುತ್ತಿ ತೀರಿದ ಮೇಲೆ ಸಾಯುತ್ತವೆ. ಅದೇ ವರ್ಷ ಕಾರ್ಲ್ ಕೊರೆನ್ಸ್, ನಮ್ಮ ಹಿತ್ತಲುಗಳಲ್ಲೂ ಬೆಳೆಯುವ ಸಂಜೆಮಲ್ಲಿಗೆಯ ಬಣ್ಣಬಣ್ಣದ ಎಲೆಯ ಗಿಡದಲ್ಲಿ, ಬಿಳಿ ಕೊಂಬೆಯ ಹೂವಿನ ಬೀಜ ಬಿಳಿ ಸಸಿಯನ್ನೇ ಕೊಡುತ್ತದೆ, ಪರಾಗ ಯಾವ ಕೊಂಬೆಯದಾದರೂ ಸರಿ ಎಂದು ತೋರಿಸಿದ. ಬಿಳಿ ಅಂಚಿನ ಗಿಡದ ಬೇರು 'ನಾನು ಹಸಿರು' ಎನ್ನುತ್ತದೆ. ಬೀಜ 'ನಾನು ಬಿಳಿ' ಎನ್ನುತ್ತದೆ. ಪಾತಿಯಲ್ಲಿ ನಿಂತಿರುವ ಗಿಡ ಎರಡೂ ಅಲ್ಲ.

ಇಬ್ಬರು ಸಾಕ್ಷಿಗಳೂ ಸುಳ್ಳು ಹೇಳುತ್ತಿಲ್ಲ. ಬೆಳೆಯುವ ಕುಡಿಯ ತುತ್ತತುದಿಯಲ್ಲಿ ಕೋಶಗಳು ಮೂರು ಪದರಗಳಾಗಿ ಒಂದರೊಳಗೊಂದು ಕೂತಿರುತ್ತವೆ. ಹೊರಪದರದ ಕೋಶಗಳು ಬಹುಮಟ್ಟಿಗೆ ಪಕ್ಕಕ್ಕೇ ಒಡೆಯುತ್ತವೆ, ಎರಡನೆಯ ಪದರದವೂ ಹಾಗೆಯೇ. ಆದ್ದರಿಂದ ಒಂದು ಪದರ ಇನ್ನೊಂದರ ಜಾಗಕ್ಕೆ ನುಗ್ಗುವುದು ಅಪರೂಪ. ಹಿಂದೆ ಯಾವಾಗಲೋ ಎರಡನೆಯ ಪದರದ ಕೋಶವೊಂದು ಹಸಿರು ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿತು, ಅದರ ಸಂತತಿ ಆ ಪದರವನ್ನೆಲ್ಲ ತುಂಬಿತು. ಎಲೆಯ ಅಂಚು ರೂಪುಗೊಳ್ಳುವುದು ಹೆಚ್ಚಾಗಿ ಎರಡನೆಯ ಪದರದಿಂದ, ನಡುಭಾಗ ಮೂರನೆಯದರಿಂದ. ಅದಕ್ಕೇ ಬಿಳಿ ಅಂಚು, ಹಸಿರು ನಡು. ಅಂಡ ಮತ್ತು ಪರಾಗ ಹುಟ್ಟುವುದು ಎರಡನೆಯದರಿಂದ, ಹೀಗಾಗಿ ಬೀಜದ ಸಾಕ್ಷಿ ಬಿಳಿ. ಬೇರು ಮತ್ತು ಬೇರಿನಿಂದೇಳುವ ಕುಡಿ ಒಳಗಿನ ಅಂಗಾಂಶದಿಂದ ಬರುತ್ತವೆ, ಹೀಗಾಗಿ ಬೇರಿನ ಸಾಕ್ಷಿ ಹಸಿರು. ಇಂಥ ಗಿಡಕ್ಕೆ ಹಾನ್ಸ್ ವಿಂಕ್ಲರ್ 1907ರಲ್ಲಿ ಗ್ರೀಕ್ ಪುರಾಣದ ಸಿಂಹ-ಮೇಕೆ-ಸರ್ಪದ ಪ್ರಾಣಿಯ ಹೆಸರಿಟ್ಟು ಕೈಮಿರಾ ಎಂದು ಕರೆದ. ಬಣ್ಣದ ಎಲೆಗೆ ಮಾತ್ರ ಮೀಸಲಾದ ಸಂಗತಿಯೂ ಇದಲ್ಲ. ವಿಲಿಯಂ ಬೇಟ್ಸನ್ 1916ರಲ್ಲಿ ಬೌವಾರ್ಡಿಯದ ಬ್ರೈಡ್ಸ್‌ಮೇಡ್ ಎಂಬ ತಿಳಿಗುಲಾಬಿ ಹೂವಿನ ತಳಿಯ ಬೇರುತುಂಡುಗಳಿಂದ ಹೋಗಾರ್ತ್ ಎಂಬ ಕೆಂಪು ಹೂವಿನ ತಳಿ ಏಳುವುದನ್ನು ವರದಿ ಮಾಡಿದ. ಫ್ಲಾಕ್ಸ್ ನೋಡದವರು ಮನೆಯ ಸ್ನೇಕ್ ಪ್ಲಾಂಟನ್ನೇ ಕೇಳಬಹುದು: ಹಳದಿ ಅಂಚಿನ ಎಲೆಯ ತುಂಡನ್ನು ಬೇರುಬಿಡಿಸಿದರೆ ಬರುವ ಮರಿಗೆ ಹಳದಿ ಅಂಚಿರುವುದಿಲ್ಲ. ಬುಡ ಸೀಳಿ ನೆಟ್ಟರೆ ಮಾತ್ರ ಉಳಿಯುತ್ತದೆ. ಫ್ಲಾಕ್ಸ್‌ಗೂ ಅದೇ ದಾರಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಬಿಡಿಸಿ ನೆಡಬೇಕು, ಇಲ್ಲವೇ ವಸಂತದ ಎಳೆಗುಡಿಯನ್ನು ಕಟಿಂಗ್ ಮಾಡಬೇಕು. ಏಕೆಂದರೆ ಕುಡಿಯ ಮೊಗ್ಗಿನಲ್ಲಿ ಮೂರೂ ಪದರಗಳು ಅವು ಇರಬೇಕಾದ ಕ್ರಮದಲ್ಲಿ ಇರುತ್ತವೆ. ಬೇರಿನಲ್ಲಾಗಲಿ ಬೀಜದಲ್ಲಾಗಲಿ ಇಲ್ಲದ್ದು ಈ ಕ್ರಮ.

ಇಲ್ಲಿಗೆ ನಮ್ಮ ಹಳೆಯ ತರ್ಕಶಾಸ್ತ್ರದ ಒಂದು ಜಗಳ ಬಂದು ಸೇರುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹ ಕರ್ನಾಟಕದ ಸಂಸ್ಕೃತ ಪಾಠಶಾಲೆಗಳಲ್ಲೂ ತರ್ಕ ಕಲಿಯುವವರ ಕೈಗೆ ಸಿಗುವ ಮೊದಲ ಪುಸ್ತಕ. ಅದು ಬಣ್ಣಗಳನ್ನು ಎಣಿಸುವಾಗ ಬಿಳಿ, ನೀಲಿ, ಹಳದಿ, ಕೆಂಪು, ಹಸಿರು, ಕಪಿಶ ಎಂದು ಆರನ್ನು ಹೇಳಿ ಏಳನೆಯದಾಗಿ 'ಚಿತ್ರ' ಎಂಬುದನ್ನು ಸೇರಿಸುತ್ತದೆ. ಮೊದಲ ಓದಿಗೆ ನಗು ಬರುವ ಪಟ್ಟಿ: ಬಣ್ಣಬಣ್ಣವಾಗಿರುವುದು ಅದು ಹೇಗೆ ಇನ್ನೊಂದು ಬಣ್ಣ? ಅದರ ಹಿಂದಿನ ವಾದ ಮಾತ್ರ ನಗುವಂಥದ್ದಲ್ಲ. ಬೇರೆ ಬೇರೆ ಬಣ್ಣದ ನೂಲಿನಿಂದ ನೇಯ್ದ ಬಟ್ಟೆಯನ್ನು ನೋಡುತ್ತೇವೆ. ವೈಶೇಷಿಕರ ಪ್ರಕಾರ ಬಟ್ಟೆ ನೂಲುಗಳ ರಾಶಿಯಲ್ಲ. ನೂಲುಗಳಿಂದ ಹುಟ್ಟಿ ಅವುಗಳಲ್ಲೇ ನೆಲೆಸಿರುವ ಹೊಸ ವಸ್ತು, ಅವಯವಿ. ಬಣ್ಣವಿಲ್ಲದ ವಸ್ತು ಕಣ್ಣಿಗೆ ಕಾಣದು. ನೂಲಿಗೆ ಮಾತ್ರ ಬಣ್ಣವಿದ್ದು ಬಟ್ಟೆಗೆ ತನ್ನದೇ ಬಣ್ಣ ಇಲ್ಲದಿದ್ದರೆ ನಾವು ನೂಲುಗಳನ್ನು ಕಾಣಬಹುದಿತ್ತೇ ಹೊರತು ಬಟ್ಟೆಯನ್ನಲ್ಲ. ಬಣ್ಣ ತಾನಿರುವ ವಸ್ತುವನ್ನು ಪೂರ್ತಿ ವ್ಯಾಪಿಸಬೇಕಾದ್ದರಿಂದ ಒಂದೇ ಬಟ್ಟೆಗೆ ಎರಡು ಬಣ್ಣ ಇರಲಾರದು. ಹಾಗಾದರೆ ಅದಕ್ಕಿರುವುದು ಒಂದೇ ಬಣ್ಣ, ಚಿತ್ರ ಎಂಬುದು. ಈ ವಾದದ ಕೊನೆಯ ಮೆಟ್ಟಿಲು ನೋರಾ ಲೀಯ ಮುಂದೆ ನಿಲ್ಲುವುದಿಲ್ಲ. ಎಲೆಯ ಅಂಚನ್ನಷ್ಟೇ ಚಿವುಟಿದರೆ ಕೈಗೆ ಬರುವುದು ಬಿಳಿ. ಚಿತ್ರ ಅಲ್ಲಿ ವ್ಯಾಪಿಸಿಲ್ಲ. ಮುಂದೆ ನವದ್ವೀಪದ ರಘುನಾಥ ಶಿರೋಮಣಿಯ ದಾರಿಯಲ್ಲಿ ನಡೆದ ನವ್ಯರು, ಬಣ್ಣ ವಸ್ತುವಿನ ಒಂದು ಭಾಗದಲ್ಲಿ ಮಾತ್ರ ಇರಬಹುದು, ಏಳನೆಯ ಬಣ್ಣ ಅನಗತ್ಯ ಎಂದು ಹೇಳಿದ್ದು ಸರಿಯಾಗಿಯೇ ಇದೆ. ಆದರೂ ಹಳಬರು ಹಿಡಿದದ್ದು ಪೂರ್ತಿ ಕೈತಪ್ಪಿತು ಎನ್ನಲಾಗದು. ಇಡಿಯಲ್ಲಿ ಇದ್ದು ಬಿಡಿಯಲ್ಲಿ ಇಲ್ಲದ ಒಂದು ಗುಣ ಇದೆ ಎಂಬುದು ಅವರ ಮುಖ್ಯ ಹಟ. ಅವರು ಅದನ್ನು ಬಣ್ಣದಲ್ಲಿ ಹುಡುಕಿದರು, ಇರುವುದು ವಿನ್ಯಾಸದಲ್ಲಿ. ನೂಲಿನಂತೆ ಸೀರೆ ಎನ್ನುವ ಗಾದೆ ನೂಲಿನ ಗುಣ ಹೇಳುತ್ತದೆ, ನೇಯ್ಗೆಯನ್ನು ಮರೆಯುತ್ತದೆ.

ವಿನ್ಯಾಸ ಎಂಬುದೊಂದು ಸೇರಿಸಿಕೊಂಡ ಕಲ್ಪನೆ, ಇರುವುದು ಬಿಳಿ ಕೋಶ ಮತ್ತು ಹಸಿರು ಕೋಶ ಮಾತ್ರ ಎಂದು ಬೌದ್ಧ ತಾರ್ಕಿಕ ಹೇಳುತ್ತಾನೆ. ಈ ಆಕ್ಷೇಪಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಏಳನೆಯ ಶತಮಾನದ ಧರ್ಮಕೀರ್ತಿ ಚಿಟ್ಟೆಯ ಬಣ್ಣಬಣ್ಣದ ರೆಕ್ಕೆಯನ್ನೇ ಎದುರಿಗಿಟ್ಟುಕೊಂಡು, ಅನೇಕವಾಗಿರುವುದು ಏಕ ಹೇಗಾದೀತು ಎಂದು ಕೇಳಿದವನು. ಹನ್ನೊಂದನೆಯ ಶತಮಾನದಲ್ಲಿ ವಿಕ್ರಮಶೀಲ ವಿಹಾರದ ರತ್ನಕೀರ್ತಿ ಇದೇ ಪ್ರಶ್ನೆಯ ಮೇಲೆ ಚಿತ್ರಾದ್ವೈತವನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಅವನ ಮತದಲ್ಲಿ ವೈವಿಧ್ಯಕ್ಕೆ ಏಕತೆ ಸಿಗುವುದು ಅರಿವಿನಲ್ಲಿ. ನೋಡುವವನ ಅರಿವಿನಲ್ಲಿ ಫ್ಲಾಕ್ಸ್ ಒಂದು, ಹೊರಗೆ ಅದು ಹಲವು. ಇದಕ್ಕೆ ಸುಲಭವಾದ ಉತ್ತರವೊಂದಿದೆ, ಅದು ಸಾಲದು: ಬಿಳಿ ಮತ್ತು ಹಸಿರು ಒಂದನ್ನೊಂದು ಪೋಷಿಸುತ್ತವೆ, ಆದ್ದರಿಂದ ಒಂದು ಎನ್ನುವುದು. ಒಂದನ್ನೊಂದು ಪೋಷಿಸುವುದಿಲ್ಲ. ಹಸಿರು ಸಕ್ಕರೆ ತಯಾರಿಸುತ್ತದೆ, ಬಿಳಿ ಕೂತು ಉಣ್ಣುತ್ತದೆ. ಪೂರ್ತಿ ಬಿಳಿಯಾದ ಕುಡಿ ಹುಟ್ಟಿದರೆ ತಾಯಿಗಿಡದ ಮೇಲೆ ಇರುವಷ್ಟು ದಿನ ಮಾತ್ರ ಅದರ ಬಾಳು. ಸಹಬಾಳ್ವೆಯ ನೀತಿಪಾಠ ಹೇಳುವವರಿಗೆ ಈ ಗಿಡ ಒದಗುವುದಿಲ್ಲ, ಪುಣ್ಯ. ಸರಿಯಾದ ಉತ್ತರವನ್ನು ಧರ್ಮಕೀರ್ತಿಯ ಅಳತೆಗೋಲಿನಿಂದಲೇ ಪಡೆಯಬೇಕು. ಯಾವುದು ಪರಿಣಾಮವನ್ನು ಉಂಟುಮಾಡಬಲ್ಲದೋ ಅದು ನಿಜವಾಗಿ ಇರುವ ವಸ್ತು ಎಂಬುದು ಅವನ ಲಕ್ಷಣ. ಪದರಗಳ ಕ್ರಮವನ್ನು ಈ ಪರೀಕ್ಷೆಗೆ ಹಚ್ಚಿ ನೋಡಿ. ಅದೇ ಬಿಳಿ ಕೋಶ, ಅದೇ ಹಸಿರು ಕೋಶ ಇದ್ದು ಒಳಗಿನದು ಹೊರಗೆ, ಹೊರಗಿನದು ಒಳಗೆ ಆದರೆ ಎಲೆ ತಿರುವುಮುರುವಾಗುತ್ತದೆ: ಹಸಿರು ಅಂಚು, ಬಿಳಿ ನಡು. ಇಬ್ಬಣ್ಣದ ಹೋಸ್ಟಾ ಗಿಡಗಳಲ್ಲಿ ಇಂಥ ಅದಲುಬದಲು ಆಗುವುದನ್ನು ಬೆಳೆಗಾರರು ಬಲ್ಲರು. ಸಾಮಗ್ರಿ ಬದಲಾಗದೆ ಕ್ರಮ ಮಾತ್ರ ಬದಲಾಗಿ ಫಲ ಬದಲಾಯಿತು ಎಂದರೆ ಕ್ರಮಕ್ಕೂ ಕಾರಣತ್ವವಿದೆ. ಅದು ಯಾರೂ ನೋಡದಿರುವಾಗಲೂ, ಹಿಮದಡಿಯ ಮೊಗ್ಗಿನಲ್ಲೂ ಕೆಲಸ ಮಾಡುತ್ತಿರುತ್ತದೆ. ಬೌದ್ಧನ ಅರಿವಿಗೆ ಅಲ್ಲಿ ಕೆಲಸವಿಲ್ಲ.

ಅದ್ವೈತಿಯ ಆಕ್ಷೇಪಣೆ ಬೇರೆ ದಿಕ್ಕಿನದು. ಬಿಳಿಯೂ ಹಿಂದೊಮ್ಮೆ ಹಸಿರೇ ಆಗಿದ್ದ ಕೋಶದ ಸಂತಾನ ತಾನೇ? ಇನ್ನೂ ಹಿಂದಕ್ಕೆ ಹೋದರೆ ಒಂದೇ ಒಂದು ಕೋಶ. ಮಣ್ಣೊಂದೇ ನಿಜ, ಮಡಕೆ ಕುಡಿಕೆ ಹೆಸರು ಮಾತ್ರ ಎಂಬಲ್ಲಿಗೇ ಬಂದೆವಲ್ಲ? ವಂಶದ ಮಟ್ಟಿಗೆ ಈ ಮಾತು ನಿಜ, ತಕರಾರಿಲ್ಲ. ಆದರೆ ಆ ಪ್ರಾಚೀನ ಏಕತೆಯಿಂದ ಈಗಿನ ಏಕತೆ ಬಂದಿಲ್ಲ. ಅದೇ ಕೋಶದ ಸಂತತಿ ಬೇರುತುಂಡಿನಿಂದೆದ್ದ ಹಸಿರು ಗಿಡದಲ್ಲೂ ಇದೆ, ಬೀಜದಿಂದ ಮೊಳೆತು ಸತ್ತ ಬಿಳಿ ಸಸಿಯಲ್ಲೂ ಇದೆ. ಒಂದೇ ಮೂಲ ಮೂರು ಕಡೆ ಇದ್ದೂ ಚಿತ್ರ ಒಂದೇ ಕಡೆ ಇದೆಯೆಂದರೆ ಚಿತ್ರಕ್ಕೆ ಕಾರಣ ಆ ಮೂಲ ಆಗಲಾರದು. ಇದರಿಂದ ಬ್ರಹ್ಮವಿಚಾರಕ್ಕೆ ಧಕ್ಕೆಯೇನೂ ಇಲ್ಲ. ಜಗತ್ತಿನ ಆದಿಕಾರಣದ ಪ್ರಶ್ನೆಯನ್ನು ತೋಟದ ಪಾತಿಯಲ್ಲಿ ಬಗೆಹರಿಸುತ್ತೇನೆಂದು ಹೊರಡುವುದು ಅತಿಯಾದೀತು. ತಗಲುವುದು, ಆದಿಕಾರಣಕ್ಕೆ ಸಲ್ಲುವ ಮಾತನ್ನು ಕಂಡಕಂಡ ವಸ್ತುವಿನ ಬುಡಕ್ಕೆಲ್ಲ ತಂದು ಹಚ್ಚುವ ಅಭ್ಯಾಸಕ್ಕೆ. ಸಾಂಖ್ಯನಿಗೂ ಇಷ್ಟೇ ಉತ್ತರ. ಚಿತ್ರ ಕಾರಣದಲ್ಲಿ ಮೊದಲೇ ಅಡಗಿತ್ತು ಎಂದರೆ ಯಾವ ಕಾರಣದಲ್ಲಿ ಎಂದು ಕೇಳಬೇಕಾಗುತ್ತದೆ. ಬೇರಿನಲ್ಲಿದ್ದರೆ ಬೇರು ಕೊಡಬೇಕಿತ್ತು, ಬೀಜದಲ್ಲಿದ್ದರೆ ಬೀಜ. ಮೂರೂ ಪದರ ಕೂಡಿಬಂದ ಇಡೀ ಕುಡಿಯಲ್ಲಿತ್ತು ಎಂದರೆ, ಇಡಿ ಇಡಿಯಲ್ಲೇ ಇತ್ತು ಎಂದಂತಾಯಿತು. ಅದನ್ನು ಯಾರು ಅಲ್ಲಗಳೆಯುತ್ತಾರೆ?

ಇವರೆಲ್ಲರಿಗಿಂತ ಮೊಂಡು ಆಕ್ಷೇಪಣೆ ತೋಟಗಾರನದೇ. ಇದೆಲ್ಲ ಒಂದು ಊನ, ರೋಗ. ಆರೋಗ್ಯದ ಗಿಡ ಹಸಿರೇ ಎನ್ನುತ್ತಾನೆ ಅವನು. ಅವನ ಬಳಿ ಪುರಾವೆಯೂ ಇದೆ. ಚೆನ್ನಾಗಿರುವ ನೋರಾ ಲೀಯ ಬುಡದಿಂದಲೂ ಆಗಾಗ ಹಸಿರು ಹಿಳ್ಳೊಂದು ಮೇಲೇಳುತ್ತದೆ. ದಪ್ಪ ಕಾಂಡ, ಅಗಲ ಎಲೆ, ಮಿಕ್ಕವಕ್ಕಿಂತ ಗೇಣು ಮುಂದೆ. ಅದನ್ನು ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ತೆಗೆಯಬೇಕು; ಬರಿ ತುದಿ ಕತ್ತರಿಸಿದರೆ ಕವಲೊಡೆದು ಇನ್ನಷ್ಟು ಬಲಿಯುತ್ತದೆ. ಕೆಲವು ವರ್ಷ ಕೈಬಿಟ್ಟರೆ ಹಸಿರೇ ಇಡೀ ಬುಡವನ್ನು ಆಕ್ರಮಿಸುತ್ತದೆ. ಪ್ರಕೃತಿಯ ಮತ ಹಸಿರಿಗೆ ಎನ್ನುವುದಕ್ಕೆ ಇನ್ನೇನು ಬೇಕು? ರೋಗ ಎಂಬುದನ್ನು ಮೊದಲು ತೆಗೆದುಬಿಡಬಹುದು. ಹಾಲೆಂಡಿನ ಜನ ಹುಚ್ಚೆದ್ದು ಕೊಂಡ ಪಟ್ಟೆಪಟ್ಟೆಯ ಟ್ಯುಲಿಪ್ ಹೂಗಳ ಬಣ್ಣ ವೈರಸ್ಸಿನದು. ಅದು ಗಿಡದಿಂದ ಗಿಡಕ್ಕೆ ಹರಡುತ್ತದೆ. ಕೈಮಿರಾದ ಬಿಳಿ ಪಕ್ಕದ ಗಿಡಕ್ಕೆ ಅಂಟುವುದಿಲ್ಲ. ಊನ ಎಂಬುದು ಉಳಿಯುತ್ತದೆ, ಮತ್ತು ಬಿಳಿ ಪದರದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಬಲವಾದದ್ದೇ ನಿಜವಾದ ಸ್ವಭಾವ ಎಂಬ ಅಳತೆಯನ್ನು ಕೈಗೆತ್ತಿಕೊಂಡವನು ಹಸಿರು ಫ್ಲಾಕ್ಸ್‌ನಲ್ಲಿಗೆ ಬಂದು ನಿಲ್ಲುವಂತಿಲ್ಲ. ಆ ಪಾತಿಯನ್ನು ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಅಲ್ಲಿ ಗೆಲ್ಲುವುದು ಹುಲ್ಲು ಮತ್ತು ಮುಳ್ಳುಕಂಟಿ. ಹಾಗಾದರೆ ಹೂದೋಟದ ನಿಜಸ್ವಭಾವ ಮುಳ್ಳುಕಂಟಿಯೇ? ಉಳಿಯಲು ಇನ್ನೊಬ್ಬರ ಆರೈಕೆ ಬೇಕು ಎಂಬುದರಿಂದ ಒಂದು ವಸ್ತುವಿನ ಆಯುಸ್ಸನ್ನು ಅಳೆಯಬಹುದು, ಅದು ಏನೆಂಬುದನ್ನು ಅಳೆಯಲಾಗದು. ಈ ಗಿಡದ ಹಿತಕ್ಕಾಗಿ ಬೇಕಾದದ್ದೂ ಅಸಾಧ್ಯವಾದದ್ದೇನಲ್ಲ: ಬಿಳಿ ಅಂಚು ಸುಡದಷ್ಟು ನೆರಳು, ಬುಡದಲ್ಲಿ ತೇವ, ಬೂದಿರೋಗ ಕೂರದಷ್ಟು ಗಾಳಿ, ಹಸಿರು ಹಿಳ್ಳಿನ ಮೇಲೊಂದು ಕಣ್ಣು.

ಇಷ್ಟಾದ ಮೇಲೆ ಜೈನ ತಾರ್ಕಿಕ ನಗುತ್ತಿರುತ್ತಾನೆ. ಬೇರಿನ ದೃಷ್ಟಿಯಿಂದ ಹಸಿರು, ಬೀಜದ ದೃಷ್ಟಿಯಿಂದ ಬಿಳಿ, ಕುಡಿಯ ದೃಷ್ಟಿಯಿಂದ ಚಿತ್ರ. ಒಂದೊಂದೂ ಒಂದು ನಯ, ತಾನೊಂದೇ ಪೂರ್ತಿ ಸತ್ಯ ಎಂದಾಗ ಮಾತ್ರ ಅದು ದುರ್ನಯ. ಚಿತ್ರರೂಪವನ್ನು ಏಕವೆಂದೂ ಅನೇಕವೆಂದೂ ಒಪ್ಪುವ ವೈಶೇಷಿಕನಿಗೆ ಅನೇಕಾಂತವನ್ನು ತಳ್ಳಿಹಾಕುವ ಹಕ್ಕಿಲ್ಲ ಎಂದು ಹೇಮಚಂದ್ರ ವೀತರಾಗಸ್ತೋತ್ರದಲ್ಲಿ ಛೇಡಿಸಿಯೂ ಇದ್ದಾನೆ. ಸಾಕ್ಷಿಗಳು ಒಂದಕ್ಕೊಂದು ಒಪ್ಪದಿರುವಾಗ ಯಾರನ್ನೂ ಸುಳ್ಳುಗಾರರೆನ್ನದೆ ವಿಚಾರಣೆ ನಡೆಸಲು ಇದಕ್ಕಿಂತ ಒಳ್ಳೆಯ ವಿಧಾನ ಕಾಣೆ. ನನ್ನ ಅಸಮಾಧಾನ ಒಂದೇ: ಮೂರೂ ದೃಷ್ಟಿಗಳನ್ನು ಸಮಾನ ಗೌರವದಿಂದ ಕೂರಿಸಿ ಅನೇಕಾಂತ ಅಲ್ಲಿಗೇ ನಿಲ್ಲುವ ಅಪಾಯವಿದೆ. ಫ್ಲಾಕ್ಸ್‌ನ ವಿಷಯದಲ್ಲಿ ಮೂರೂ ಸಮಾನವಲ್ಲ. ಕುಡಿಯನ್ನು ತಿಳಿದವನು ಬೇರು ಏಕೆ ಹಸಿರು ಕೊಟ್ಟಿತು, ಬೀಜ ಏಕೆ ಬಿಳಿ ಕೊಟ್ಟಿತು ಎಂದು ವಿವರಿಸಬಲ್ಲ. ಬೇರನ್ನು ಮಾತ್ರ ತಿಳಿದವನಿಗೆ ಕುಡಿಯ ಬಗ್ಗೆ ಒಂದಕ್ಷರವೂ ಹೇಳಲಾಗದು. ಮಿಕ್ಕ ಎರಡನ್ನು ತನ್ನೊಳಗಿಟ್ಟು ವಿವರಿಸುವ ದೃಷ್ಟಿಗೆ ಹೆಚ್ಚಿನ ಮನ್ನಣೆ ಸಲ್ಲಬೇಕು.

ವ್ಯವಹಾರದಲ್ಲಿ ತೋಟಗಾರಿಕೆಯ ಲೋಕ ಈ ಮನ್ನಣೆಯನ್ನು ಕೊಟ್ಟೇ ಇದೆ. ಬೆಳೆಸಿದ ಸಸ್ಯಗಳ ಹೆಸರುಗಳಿಗಾಗಿ ಒಂದು ಅಂತರರಾಷ್ಟ್ರೀಯ ಸಂಹಿತೆ ಇದೆ, ಮೊದಲು ಪ್ರಕಟವಾದದ್ದು 1953ರಲ್ಲಿ. ಒಂದು ತಳಿಯ ಹೆಸರಿಗೆ ಗಿಡ ಅರ್ಹವಾಗುವುದು ಅದರ ವಿಶಿಷ್ಟ ಲಕ್ಷಣಗಳು ಉಳಿದಿದ್ದರೆ, ಮತ್ತು ತಕ್ಕ ವಿಧಾನದಲ್ಲಿ ಹೆಚ್ಚಿಸಿದಾಗ ಅವು ಮುಂದುವರಿದರೆ. ಹುಟ್ಟು ಎಲ್ಲಿಯದು ಎಂಬುದೊಂದೇ ಸಾಲದು. ಹಳೆಯ ವೈಶೇಷಿಕ ಇದನ್ನು ಒಪ್ಪಲಾರ. ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಹುಟ್ಟಿತು ಎನ್ನುವ ಬಿಗಿಪಟ್ಟಿನವನು ಅವನು. ಒಂದು ಬುಡವನ್ನು ಮೂರಾಗಿ ಸೀಳಿದರೆ ನೋರಾ ಲೀ ಸತ್ತು ಮೂರು ಹೊಸ ವಸ್ತುಗಳು ಹುಟ್ಟಿದವು ಎಂದೇ ಲೆಕ್ಕ ಹಾಕುತ್ತಾನೆ. ಸಂಹಿತೆಯ ಲೆಕ್ಕದಲ್ಲಿ ಮೂರೂ ನೋರಾ ಲೀ, ಇಂಗ್ಲೆಂಡಿನದೂ ಹೌದು, ಅಮೆರಿಕದ್ದೂ ಹೌದು. ಅದೇ ಬುಡದ ಬೇರುತುಂಡಿನಿಂದ ಎದ್ದ ಹಸಿರು ಗಿಡ, ಅದೆಷ್ಟೇ ಸೊಂಪಾಗಿರಲಿ, ನೋರಾ ಲೀ ಅಲ್ಲ. ಆ ಹೆಸರಿನ ಚೀಟಿ ಸಿಕ್ಕಿಸಿ ಮಾರಿದರೆ ಕೊಂಡವರು ಮರುದಿನ ಕುಂಡ ಹಿಡಿದು ವಾಪಸು ಬಂದು ದುಡ್ಡು ಕೇಳುವುದು ನ್ಯಾಯವೇ.